ಮೈಸೂರು ಬ್ಯಾಂಕಿನ ಚರಿತ್ರೆ: ತೋವಿನಕೆರೆಯ ಕಡೆಯಿಂದ ಒಂದು ವಿಮರ್ಶೆ

ಬ್ಯಾಂಕುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಮೊದಲು ಸ್ಥಾಪಕರ ದೂರದೃಷ್ಟಿ, ಅನಂತರ ಶಾಖೆಗಳ ಸಂಖ್ಯೆ, ಕಡೆಗೆ ಠೇವಣಿಗಳ ಮೊತ್ತ. ಇಷ್ಟನ್ನು ಹೇಳಿದಲ್ಲಿಗೆ ಚರಿತ್ರೆ ಮುಗಿಯಿತೆಂದು ಭಾವಿಸುವುದುಂಟು. ಮೈಸೂರು ಬ್ಯಾಂಕಿನ ವಿಷಯದಲ್ಲಿಯೂ ಇದೇ ರೂಢಿ ನೆಲೆಗೊಂಡಿದೆ. ಈ ಕಥನದಲ್ಲಿ ಬರುವ ಸಂಗತಿಗಳು ಸುಳ್ಳಲ್ಲ. ಆದರೆ ಚರಿತ್ರಕಾರನು ಕೇಳಲೇಬೇಕಾದ ಪ್ರಶ್ನೆಗೆ ಅದರಲ್ಲಿ ಎಡೆಯಿಲ್ಲ. ಹಣ ಯಾರದು, ಅದು ಯಾರ ಕೈ ಸೇರಿತು, ನಷ್ಟದ ಹೊರೆಯನ್ನು ಹೊತ್ತವರು ಯಾರು ಎಂಬುದೇ ಆ ಪ್ರಶ್ನೆ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನಲ್ಲಿ ನಿಂತು ನೋಡಿದಾಗ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಮೊದಲು ಸ್ಥಾಪನೆಯ ಸಂದರ್ಭವನ್ನು ಪರಿಶೀಲಿಸೋಣ. ೧೯೧೧ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಸಲಹೆಯಂತೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ೧೯೧೩ರಲ್ಲಿ ಬ್ಯಾಂಕು ಜನ್ಮತಾಳಿತು. ಆ ಕಾಲ ಅನುಕೂಲವಾದದ್ದಲ್ಲ. ೧೯೦೬ರಲ್ಲಿ ಮದರಾಸಿನ ಆರ್ಬತ್‌ನಾಟ್ ಕಂಪನಿ ಮುರಿದುಬಿದ್ದು ದಕ್ಷಿಣ ದೇಶದ ಅನೇಕ ಕುಟುಂಬಗಳ ಉಳಿತಾಯ ಕರಗಿಹೋಗಿತ್ತು. ೧೯೧೩ರಲ್ಲಿಯೇ ಲಾಹೋರಿನ ಪೀಪಲ್ಸ್ ಬ್ಯಾಂಕೂ ಮುಂಬಯಿಯ ಇಂಡಿಯನ್ ಸ್ಪೀಷೀ ಬ್ಯಾಂಕೂ ಬಾಗಿಲು ಹಾಕಿದುವು. ಇಂಥ ವರ್ಷದಲ್ಲಿ ಹುಟ್ಟಿದ ಸಂಸ್ಥೆಯೊಂದು ಉಳಿದು ಬೆಳೆದುದಕ್ಕೆ ಸ್ಥಾಪಕರ ಮೇಧಾಶಕ್ತಿಯೊಂದನ್ನೇ ಕಾರಣವಾಗಿ ಹೇಳುವುದು ಸಾಲದು. ಬೆನ್ನ ಹಿಂದೆ ಸಂಸ್ಥಾನದ ಸರ್ಕಾರವಿದೆಯೆಂಬ ಜನರ ನಂಬಿಕೆಯೂ ಅದರ ಬಂಡವಾಳವೇ ಆಗಿದ್ದಿತು.

ಇನ್ನು ಬ್ಯಾಂಕಿನ ವ್ಯವಹಾರದ ಸ್ವರೂಪ. ಕೈಗಾರಿಕೆಗೆ ಹಣ ಒದಗಿಸುವುದರಲ್ಲಿ ಎರಡು ಬಗೆಗಳುಂಟು. ಸರಕನ್ನು ಒತ್ತೆಯಿಟ್ಟುಕೊಂಡು ಕೆಲವು ತಿಂಗಳ ಮಟ್ಟಿಗೆ ಸಾಲ ಕೊಡುವುದು ಒಂದು ಬಗೆ. ಕಾರ್ಖಾನೆಯ ಸ್ಥಾಪನೆಗೇ ದೀರ್ಘಕಾಲದ ಹಣವನ್ನು ಕೂಡಿಸಿಕೊಡುವುದು, ಕಂಪನಿಯ ಷೇರುಗಳು ಮಾರಾಟವಾಗದೆ ಉಳಿದರೆ ತಾನೇ ಕೊಳ್ಳುವೆನೆಂದು ಹೊಣೆ ಹೊರುವುದು ಇನ್ನೊಂದು ಬಗೆ. ಜರ್ಮನಿಯ ದೊಡ್ಡ ಬ್ಯಾಂಕುಗಳು ಎರಡನ್ನೂ ನಡೆಸಿದುವು. ಇಂಗ್ಲೆಂಡಿನ ಠೇವಣಿ ಬ್ಯಾಂಕುಗಳು ಮೊದಲನೆಯದಕ್ಕೇ ಹೆಚ್ಚಾಗಿ ಅಂಟಿಕೊಂಡುವು. ಭಾರತದ ಬ್ಯಾಂಕುಗಳು ಸ್ಥೂಲವಾಗಿ ಇಂಗ್ಲೆಂಡಿನ ಮಾರ್ಗದಲ್ಲಿಯೇ ನಡೆದುವು. ಕೇಳಿದಾಗ ಹಿಂತಿರುಗಿಸಬೇಕಾದ ಠೇವಣಿಯನ್ನು ಇಪ್ಪತ್ತು ವರ್ಷಗಳ ಸಾಹಸದಲ್ಲಿ ತೊಡಗಿಸುವುದು ಅಪಾಯವೆಂಬ ವಾದದಲ್ಲಿ ನ್ಯಾಯವೂ ಇದ್ದಿತು.

ಹಾಗಾದರೆ ಮೈಸೂರಿನ ದೊಡ್ಡ ಕೈಗಾರಿಕೆಗಳಿಗೆ ದೀರ್ಘಕಾಲದ ಹಣವನ್ನು ಒದಗಿಸಿದವರು ಯಾರು? ಪ್ರಧಾನವಾಗಿ ಸರ್ಕಾರದ ಖಜಾನೆಯೇ ಎಂಬುದು ಉತ್ತರ. ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸರ್ಕಾರದ್ದು. ಅದರ ಮೊದಮೊದಲ ವರ್ಷಗಳ ನಷ್ಟವನ್ನು ಭರಿಸಿದುದೂ ಖಜಾನೆಯೇ. ೧೯೩೩ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿಯಲ್ಲಿ ಸರ್ಕಾರ ಪಾಲುದಾರನಾಗಿದ್ದಿತು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದಾಗ ಮೈಸೂರು ಸರ್ಕಾರ ೨೫ ಲಕ್ಷ ರೂಪಾಯಿಗಳನ್ನು ತೊಡಗಿಸಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಮೈಸೂರಿನ ನಿಜವಾದ ಹೂಡಿಕೆಯ ಬ್ಯಾಂಕು ಮೈಸೂರು ಬ್ಯಾಂಕಲ್ಲ, ಸಂಸ್ಥಾನದ ಖಜಾನೆ.

ಈ ಮಾತನ್ನು ಒಪ್ಪಿದ ಮೇಲೆ ತೋವಿನಕೆರೆ ಚರಿತ್ರೆಯ ಅಂಚಿನಿಂದ ಮಧ್ಯಕ್ಕೆ ಬರುತ್ತದೆ. ಖಜಾನೆಯ ಮುಖ್ಯ ಆದಾಯಗಳಲ್ಲಿ ಭೂಕಂದಾಯವೊಂದು. ಮಳೆಯನ್ನೂ ಕೆರೆಯನ್ನೂ ನಂಬಿ ರಾಗಿ ಬೆಳೆದ ರೈತನು ತೆತ್ತ ಕಂದಾಯದಲ್ಲಿ ಒಂದಂಶ ಭದ್ರಾವತಿಯ ಕುಲುಮೆಗೂ ಸೇರಿತು. ಷೇರುಪತ್ರವಿಲ್ಲದ ಷೇರುದಾರನು ಅವನು. ಅವನ ಸ್ವಂತ ಸಾಲಕ್ಕಾದರೋ ಬೇರೆಯೇ ದಾರಿಯನ್ನು ತೋರಿಸಲಾಯಿತು: ೧೯೦೫ರ ಕಾನೂನಿನಿಂದ ಹುಟ್ಟಿದ ಸಹಕಾರ ಸಂಘಗಳು, ೧೯೨೯ರ ಭೂ ಅಡಮಾನ ಬ್ಯಾಂಕು, ಇವೆರಡೂ ಕೈಗೆಟುಕದಿದ್ದಾಗ ಹಳೆಯ ಸಾಹುಕಾರ. ವರ್ತಕನಿಗೆ ಒಂದು ಬಾಗಿಲು, ರೈತನಿಗೆ ಇನ್ನೊಂದು ಬಾಗಿಲು ಎಂಬ ಈ ವಿಭಜನೆಯನ್ನು ಬ್ಯಾಂಕಿನ ಚರಿತ್ರೆಯಿಂದ ಹೊರಗಿಟ್ಟರೆ ಆ ಚರಿತ್ರೆ ಅರ್ಧವೇ ಆಗುತ್ತದೆ.

ಸ್ವಾತಂತ್ರ್ಯಾನಂತರ ಹೂಡಿಕೆಯ ಕಾರ್ಯ ಅಖಿಲ ಭಾರತ ಸಂಸ್ಥೆಗಳ ಕಡೆಗೆ ಸರಿಯಿತು. ೧೯೫೫ರಲ್ಲಿ ಸ್ಥಾಪಿತವಾದ ಐಸಿಐಸಿಐ ಸಂಸ್ಥೆಯ ಪ್ರಥಮ ಅಧ್ಯಕ್ಷರು ಮೈಸೂರಿನ ಮಾಜಿ ದಿವಾನರಾದ ಸರ್ ಎ. ರಾಮಸ್ವಾಮಿ ಮೊದಲಿಯಾರರೇ ಎಂಬುದು ಲಕ್ಷ್ಯಾರ್ಹ. ಸಂಸ್ಥಾನದ ಅನುಭವ ದೇಶದ ಸಂಸ್ಥೆಗೆ ಹರಿದ ಒಂದು ಕಾಲುವೆ ಇದೆಂದು ಊಹಿಸಬಹುದು. ಮೈಸೂರು ಬ್ಯಾಂಕು ೧೯೫೩ರಲ್ಲಿ ಸರ್ಕಾರಿ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ ಏಜೆಂಟಾಗಿ, ೧೯೬೦ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, ೨೦೧೭ರ ಏಪ್ರಿಲ್ ೧ರಂದು ಅದರಲ್ಲಿಯೇ ವಿಲೀನವಾಯಿತು. ವಿಲೀನದಲ್ಲಿ ೧೦ ಷೇರುಗಳಿಗೆ ೨೨ ಷೇರುಗಳೆಂದು ಷೇರುದಾರರ ಲೆಕ್ಕ ನಿಷ್ಕೃಷ್ಟವಾಗಿ ನಿರ್ಣಯವಾಯಿತು. ಊರಿನ ಬೆಳೆ, ಮನೆತನ, ಮಾತಿನ ನಿಲವು ಇವನ್ನು ಬಲ್ಲ ಅಧಿಕಾರಿಯ ತಿಳಿವಳಿಕೆಗೆ ಯಾವ ಪ್ರಮಾಣದಲ್ಲಿಯೂ ಬೆಲೆ ಕಟ್ಟಲಾಗದು. ಕಟ್ಟಲಾಗದುದರಿಂದಲೇ ಅದು ಲೆಕ್ಕದಿಂದ ಹೊರಗುಳಿಯಿತು.

ಇದು ಮುಗಿದ ಕಥೆಯಲ್ಲ. ಪಾವಗಡ ತಾಲ್ಲೂಕಿನಲ್ಲಿ ಸುಮಾರು ೧೩,೦೦೦ ಎಕರೆ ನೆಲವನ್ನು ರೈತರಿಂದ ಗೇಣಿಗೆ ಪಡೆದು, ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವನ್ನು ಕಟ್ಟಲಾಗಿದೆ; ಅದರ ಉದ್ಘಾಟನೆ ೨೦೧೮ರಲ್ಲಿ ನಡೆಯಿತು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ ಆರಂಭದ ಗೇಣಿ. ಬರದ ನೆಲದಲ್ಲಿ ಇದು ಅಲ್ಪವಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ನೆಲವಿಲ್ಲದ ಕೂಲಿಗಾರನಿಗೆ ಗೇಣಿಯೂ ಇಲ್ಲ, ಹೊಲದ ಕೆಲಸವೂ ಇಲ್ಲ. ಇಂಥ ಉದ್ಯಮದ ಚರಿತ್ರೆಯನ್ನು ಸಾಲಗಾರ ಕಂಪನಿಯ ಲೆಕ್ಕದಿಂದಲೇ ಬರೆದರೆ ಹಿಂದಿನ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ.

ವಿಶ್ವೇಶ್ವರಯ್ಯನವರ ಸಾಧನೆಯನ್ನು ಕುಗ್ಗಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಬ್ಯಾಂಕಿಲ್ಲದ ಮೈಸೂರಿಗಿಂತ ಬ್ಯಾಂಕಿದ್ದ ಮೈಸೂರು ಮೇಲೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಆಕ್ಷೇಪಣೆ ಚರಿತ್ರೆಯ ವಿಧಾನಕ್ಕೆ ಸಂಬಂಧಿಸಿದ್ದು. ಒಂದು ಊರಿನಿಂದ ಬ್ಯಾಂಕಿಗೆ ಹೋದ ಠೇವಣಿ ಎಷ್ಟು, ಅದೇ ಊರಿಗೆ ಸಾಲವಾಗಿ ಮರಳಿದುದು ಎಷ್ಟು ಎಂಬ ಸರಳವಾದ ಪ್ರಮಾಣವನ್ನು ಹಿಡಿದು ನಮ್ಮ ವಿದ್ಯಾರ್ಥಿಗಳು ಕೆಲಸ ಮಾಡಬಹುದು. ಸಹಕಾರ ಸಂಘಗಳ ಹಳೆಯ ನಡವಳಿ ಪುಸ್ತಕಗಳು, ಕಂದಾಯದ ಕಡತಗಳು, ಮಂಡಿ ವರ್ತಕರ ಖಾತೆಗಳು, ಮನೆಗಳಲ್ಲಿ ಕಟ್ಟಿಟ್ಟ ಅಡಮಾನ ಪತ್ರಗಳು ಇದಕ್ಕೆ ಆಕರ. ಇವು ವರ್ಷ ವರ್ಷವೂ ಗೆದ್ದಲಿನ ಪಾಲಾಗುತ್ತಿವೆ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಒಂದೊಂದು ಪೆಟ್ಟಿಗೆಯನ್ನು ತೆರೆದು ನಕಲು ಮಾಡಿಕೊಂಡು ಬಂದರೂ, ಮೈಸೂರು ಬ್ಯಾಂಕಿನ ಚರಿತ್ರೆಯ ಉಳಿದರ್ಧವನ್ನು ಬರೆಯಲು ತಳಹದಿ ಹಾಕಿದಂತಾಗುವುದು.