ಜಾಲಕವಾಯುವಿನ ಲಕ್ಷಣಪರೀಕ್ಷೆ

ಎಣ್ಣೆಯೂ ನೀರೂ ಬೆರೆಯವೆಂಬುದನ್ನು ತಿಳಿಯಲು ಶಾಸ್ತ್ರವು ಬೇಕಿಲ್ಲ. ಆದರೆ ಅವುಗಳ ನಡುವಣ ಎಲ್ಲೆಯು ಹೇಗೆ ಬಾಗುವುದು, ಸಾಬೂನಿನಂಥ ಮೂರನೆಯ ವಸ್ತುವು ಸೇರಿದಾಗ ಯಾವ ಆಕಾರವನ್ನು ತಾಳುವುದು ಎಂಬುದನ್ನು ಗಣಿತದಿಂದ ನಿರೂಪಿಸುವುದು ಸುಲಭವಲ್ಲ. ಇದಕ್ಕಾಗಿ ಕಲ್ಪಿತವಾದ ಜಾಲಕವಾಯುವೆಂಬ ಪ್ರಕ್ರಿಯೆಯ ಯುಕ್ತಾಯುಕ್ತತೆಯೇ ಪ್ರಕೃತ ವಿಚಾರವು. ಭೌತಶಾಸ್ತ್ರದಲ್ಲಿ ಪಂಡಿತನಿಗೇನು ಅಧಿಕಾರವೆಂದು ಕೇಳುವವರಿಗೆ, ಲಕ್ಷಣವು ಲಕ್ಷ್ಯಕ್ಕೆ ಹೊಂದುವುದೇ ಎಂದು ನೋಡುವುದು ನಮ್ಮ ಕಸುಬೆಂದು ಬಿನ್ನವಿಸುವೆನು.

ಜಾಲದ ಬಿಂದುಗಳಲ್ಲಿ ಕಣಗಳಿರುವುವು. ಒಂದೊಂದು ದಿಕ್ಕಿಗೆ ಒಂದಕ್ಕಿಂತ ಹೆಚ್ಚಿಲ್ಲ. ಪ್ರತಿಕ್ಷಣವೂ ಪಕ್ಕದ ಬಿಂದುವಿಗೆ ಸರಿದು, ಸಂಧಿಸಿದಲ್ಲಿ ದಿಕ್ಕನ್ನು ಬದಲಿಸುವುವು. ಸಂಖ್ಯೆಯೂ ಸಂವೇಗವೂ ಕೆಡಲಾಗದು. ೧೯೭೩ರಲ್ಲಿ ಹಾರ್ಡಿ, ಪೊಮೊ, ಡಿ ಪಾಜ್ಜಿ ಎಂಬವರು ಚೌಕದ ಜಾಲವನ್ನು ಹಿಡಿದರು. ಅದು ದಿಕ್ಕುಗಳಲ್ಲಿ ಪಕ್ಷಪಾತವುಳ್ಳದ್ದಾದುದರಿಂದ ನಿಜವಾದ ದ್ರವದಂತೆ ಹರಿಯಲಿಲ್ಲ. ೧೯೮೬ರಲ್ಲಿ ಫ್ರಿಷ್, ಹಾಸ್‌ಲಾಕರ್, ಪೊಮೊ ಇವರು ಆರು ದಿಕ್ಕುಗಳ ಜಾಲವನ್ನು ಕೈಗೊಂಡೊಡನೆ, ಮಂದಗತಿಯಲ್ಲಿ, ದೂರದಿಂದ ನೋಡಿದಾಗ, ಕಣಸಮೂಹವು ನೇವಿಯರ್–ಸ್ಟೋಕ್ಸ್ ಸಮೀಕರಣಗಳನ್ನು ಅನುಸರಿಸಿತು. ಎರಡು ದಿಕ್ಕುಗಳನ್ನು ಕೂಡಿಸಿದ ಮಾತ್ರಕ್ಕೆ ಇಷ್ಟು ಫಲವೇ ಎಂದು ನಾನು ಬಹುದಿನ ಬೆರಗಾಗಿದ್ದೆನು.

೧೯೮೮ರಲ್ಲಿ ರಾತ್‌ಮನ್, ಕೆಲ್ಲರ್ ಇವರು ಕಣಗಳಿಗೆ ಕೆಂಪು ನೀಲಿ ಎಂಬ ಎರಡು ಬಣ್ಣಗಳನ್ನು ಕೊಟ್ಟರು. (ನ್ಯಾಯಮತದಲ್ಲಿ ವಾಯುವಿಗೆ ರೂಪವೇ ಇಲ್ಲ, ಈ ವಾಯುವಿಗೆ ಎರಡು!) ಸಂಘಟ್ಟನೆಯ ಬಳಿಕ ಕೆಂಪು ಕಣವು ಕೆಂಪಿನ ನೆರೆಗೂ ನೀಲಿಯು ನೀಲಿಯ ನೆರೆಗೂ ಸಾಧ್ಯವಾದಷ್ಟು ಹೋಗಬೇಕೆಂಬುದು ಅವರ ನಿಯಮ. ಇಲ್ಲಿಯೇ ನನ್ನ ಆಕ್ಷೇಪವು. ಬೇರ್ಪಡಬೇಕೆಂದು ವಿಧಿಸಿ, ಬೇರ್ಪಟ್ಟವೆಂದು ತೋರಿಸುವುದು ಸಿದ್ಧಸಾಧನವಲ್ಲವೆ? ಬೇರ್ಪಡುವಿಕೆಯ ವಿಷಯದಲ್ಲಿ ಅಹುದೆಂದೇ ಹೇಳಬೇಕು. ಆದರೆ ಹನಿಯ ಒಳಗಿನ ಒತ್ತಡವು ಹೊರಗಿನದಕ್ಕಿಂತ ಹೆಚ್ಚೆಂದೂ, ಹನಿಯು ಕಿರಿದಾದಷ್ಟೂ ಆ ಅಂತರವು ಬೆಳೆಯುವುದೆಂದೂ ಲಾಪ್ಲಾಸನು ಹೇಳಿದ ನಿಯಮವನ್ನು ಯಾರೂ ಕಣಗಳಿಗೆ ಉಪದೇಶಿಸಿರಲಿಲ್ಲ. ಅದು ತಾನಾಗಿ ಹೊರಬಿದ್ದಿತು. ಆದುದರಿಂದ ದೋಷವು ಅರ್ಧಕ್ಕೆ ನಿಲ್ಲುವುದು. ಪಾಠಶಾಲೆಯಲ್ಲಿ ಇದನ್ನು ಕಲಿಸುವವರು ಆರೋಪಿತವಾದುದನ್ನೂ ಉತ್ಪನ್ನವಾದುದನ್ನೂ ಬೇರೆಬೇರೆಯಾಗಿ ತೋರಿಸದೆ ಚಿತ್ರಗಳನ್ನು ಮಾತ್ರ ಮುಂದಿಟ್ಟರೆ ವಿದ್ಯಾರ್ಥಿಗಳು ಮೋಸಹೋಗುವರು.

೧೯೯೬ರಲ್ಲಿ ಬೋಗೋಸಿಯನ್, ಕವನಿ, ಎಮರ್ಟನ್ ಇವರು ಸಾಬೂನಿನ ಕಣವನ್ನು ಎರಡು ಕೊನೆಗಳುಳ್ಳ ಬಾಣವಾಗಿ ಸೇರಿಸಿದರು. ಒಂದು ಕೊನೆ ನೀರಿಗೆ, ಇನ್ನೊಂದು ಎಣ್ಣೆಗೆ ಒಲಿಯುವುದು. ಬಾಣವು ಎತ್ತ ತಿರುಗಬೇಕೆಂಬುದಷ್ಟೇ ವಿಧಿಯು; ಮುದ್ದೆಗಟ್ಟುವುದೂ, ಎಣ್ಣೆನೀರುಗಳೆರಡೂ ಹೆಣೆದುಕೊಂಡು ಹಬ್ಬುವುದೂ ಪ್ರಮಾಣಭೇದದಿಂದ ಉಂಟಾದುವು. ರಾತ್‌ಮನ್ನರ ಕೃತಿಗಿಂತ ಇದನ್ನು ನಾನು ಮೇಲೆಂದು ಎಣಿಸುವೆನು.

ಇನ್ನು ಅತಿವ್ಯಾಪ್ತಿ. ಸ್ಥಿರನಾದ ದ್ರಷ್ಟೃವಿಗೂ ಚಲಿಸುವ ದ್ರಷ್ಟೃವಿಗೂ ದ್ರವಧರ್ಮವು ಒಂದೇ ಆಗಿರಬೇಕು. ಇಲ್ಲಿ ಜಾಲವು ನಿಂತೇ ಇರುವುದರಿಂದ ಒತ್ತಡದಲ್ಲಿಯೂ ವೇಗವು ನುಸುಳುವುದು. ಗಣನೆಯಲ್ಲಿ ಗೊಂದಲಧ್ವನಿಯೂ ಅಧಿಕ. ಇವುಗಳ ಪರಿಹಾರಕ್ಕಾಗಿ, ೧೯೮೮ರಲ್ಲಿ ಮ್ಯಾಕ್‌ನಮಾರ, ಜಾನೆಟ್ಟಿ ಇವರಿಂದ ಮೊದಲಾಗಿ, ಕಣದ ಬದಲು ಕಣಗಳ ಸರಾಸರಿಯನ್ನೇ ನಡೆಸುವ ಜಾಲಕ–ಬೋಲ್ಟ್ಸ್‌ಮನ್ ಮಾರ್ಗವು ಹೊರಟು ಇಂದು ಅದೇ ರೂಢವಾಗಿದೆ. ಧ್ವನಿಯು ಅಡಗಿತು, ಆದರೆ ಉಂಟು–ಇಲ್ಲವೆಂಬ ಎರಡೇ ಅಂಕಗಳಿಂದ ನಡೆಯುತ್ತಿದ್ದ ಲೆಕ್ಕವು ಎಂದೂ ಸ್ಫೋಟಿಸುತ್ತಿರಲಿಲ್ಲ, ಸರಾಸರಿಯ ಲೆಕ್ಕಕ್ಕೆ ಆ ಭರವಸೆಯಿಲ್ಲ.