ಪ್ಯಾಡಕ್ ಮೊದಲು, ಕೌಂಟರ್ ಆಮೇಲೆ

  2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿದ ಮೇಲೆ ದುಡ್ಡು ಕಟ್ಟಿ ಆಡುವ ಆಪ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಭಾರತ ಕ್ರಿಕೆಟ್ ತಂಡದ ಜೆರ್ಸಿಯ ಮೇಲೆ ಮೆರೆಯುತ್ತಿದ್ದ ಡ್ರೀಮ್ ಇಲೆವೆನ್ ಕೂಡ ಹಣದ ಆಟ ನಿಲ್ಲಿಸಿತು. ಕ್ರಿಕೆಟ್ ಮೇಲಿನ ಬೆಟ್ಟಿಂಗ್ ಮೊದಲಿನಿಂದಲೂ ಅಪರಾಧ, ಇಂದಿಗೂ ಅಪರಾಧವೇ. ಹಾಗಾದರೆ ಬೆಂಗಳೂರಿನಲ್ಲಿ ಪೊಲೀಸರ ಭಯವಿಲ್ಲದೆ ಬಾಜಿ ಕಟ್ಟಬಹುದಾದ ಆಟ ಯಾವುದು ಎಂದು ಕೇಳುವವರಿಗೆ ಉತ್ತರ ಒಂದೇ. ರೇಸ್ ಕೋರ್ಸ್ ರಸ್ತೆಯ ಪಕ್ಕದಲ್ಲಿ, ಊರ ನಡುವೆ ಸುಮಾರು 85 ಎಕರೆ ಹರಡಿಕೊಂಡಿರುವ ಬೆಂಗಳೂರು ಟರ್ಫ್ ಕ್ಲಬ್ಬಿನ ಮೈದಾನದಲ್ಲಿ, ಕುದುರೆಯ ಮೇಲೆ.

ಕುದುರೆಗೆ ಮಾತ್ರ ಈ ರಿಯಾಯಿತಿ ಏಕೆ? ರೇಸಿಗೆ ಹೊಸದಾಗಿ ಬರುವವರು ಮೊದಲು ತಿಳಿಯಬೇಕಾದ್ದು ಇದನ್ನೇ. ಹೇಗೆ ಆಡಬೇಕು ಎಂಬುದೂ ಈ ಪ್ರಶ್ನೆಯ ಉತ್ತರದಲ್ಲೇ ಇದೆ.

ಕರ್ನಾಟಕ ಪೊಲೀಸ್ ಕಾಯ್ದೆ ಜೂಜು ಎಂದರೇನು ಎಂದು ಹೇಳುವಾಗ ಕುದುರೆ ರೇಸಿನ ಬಾಜಿಯನ್ನು ಹೊರಗಿಡುತ್ತದೆ. ಆ ವಿನಾಯಿತಿಯ ಹಿಂದಿನ ತರ್ಕ ಸ್ಪಷ್ಟವಾದದ್ದು 1996ರ ಜನವರಿಯಲ್ಲಿ, ಡಾ. ಕೆ.ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ. ತಮಿಳುನಾಡು ಸರಕಾರ ಮದ್ರಾಸ್ ರೇಸ್ ಕ್ಲಬ್ಬನ್ನು ವಶಪಡಿಸಿಕೊಳ್ಳಲು 1986ರಲ್ಲಿ ಕಾಯ್ದೆ ಮಾಡಿತ್ತು. ಅದು ನಿಲ್ಲುವುದಿಲ್ಲ ಎಂದ ನ್ಯಾಯಾಲಯ, ಕುದುರೆ ರೇಸು ಅದೃಷ್ಟಕ್ಕಿಂತ ಹೆಚ್ಚಾಗಿ ಕೌಶಲದ ಆಟ ಎಂದು ತೀರ್ಮಾನಿಸಿತು. ಕುದುರೆಯ ತಳಿ, ತರಬೇತಿ, ಅದರ ಮೇಲೆ ಹೇರಿದ ತೂಕ, ಜಾಕಿಯ ಕೈಚಳಕ, ಇವೆಲ್ಲ ಅಳೆದು ತೂಗಬಹುದಾದ ಸಂಗತಿಗಳು. ಅಳೆಯಬಲ್ಲವನು ಅಳೆಯಲಾರದವನಿಗಿಂತ ಮುಂದಿರುತ್ತಾನೆ. ತೀರ್ಪಿನ ಸಾರ ಇಷ್ಟು.

ಕೌಶಲ ಮತ್ತು ಅದೃಷ್ಟದ ನಡುವಿನ ಈ ಗೆರೆಯನ್ನು ಸುಪ್ರೀಂ ಕೋರ್ಟ್ ಮೊದಲು ಎಳೆದದ್ದು 1957ರಲ್ಲಿ. ಅದಕ್ಕೆ ಕಾರಣವಾದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆ! ಹೆಸರು 'ಸ್ಪೋರ್ಟಿಂಗ್ ಸ್ಟಾರ್'. ಆರ್.ಎಂ.ಡಿ. ಚಾಮರ್‌ಬಾಗ್‌ವಾಲಾ ಎಂಬವರು ಅದರಲ್ಲಿ ಪ್ರವೇಶಧನ ಕಟ್ಟಿಸಿಕೊಂಡು ಪದಬಂಧ ಸ್ಪರ್ಧೆ ನಡೆಸುತ್ತಿದ್ದರು. ಪತ್ರಿಕೆ ಮುಂಬಯಿ ಪ್ರಾಂತ್ಯದಲ್ಲಿ ಚೆನ್ನಾಗಿ ಓಡುತ್ತಿತ್ತು. ಅಲ್ಲಿನ ಸರಕಾರ ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಗಳ ಮೇಲೂ ತೆರಿಗೆ ಹಾಕಿತು. ಹೈಕೋರ್ಟಿನಲ್ಲಿ ಗೆದ್ದ ಚಾಮರ್‌ಬಾಗ್‌ವಾಲಾ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅದು ಪದಬಂಧವಾಗಿತ್ತು ನಿಜ, ಆದರೆ ಒಂದೊಂದು ಸುಳಿವಿಗೆ ಎರಡೆರಡು ಪದಗಳು ಹೊಂದುವಂತಿರುತ್ತಿದ್ದವು. ಸಂಘಟಕರು ಮೊದಲೇ ಗೊತ್ತುಮಾಡಿಟ್ಟ ಪದವೇ ಸರಿಯುತ್ತರ. ಓದುಗ ಎಷ್ಟು ಬುದ್ಧಿ ಖರ್ಚು ಮಾಡಿದರೂ ಕೊನೆಗೆ ಮಾಡಬೇಕಾದ್ದು ಮುಚ್ಚಿದ ಲಕೋಟೆಯಲ್ಲಿ ಏನಿದೆ ಎಂದು ಊಹಿಸುವುದು. ಆದ್ದರಿಂದ ಅದು ಜೂಜು, ಜೂಜು ವ್ಯಾಪಾರವಲ್ಲ, ಅದಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂದಿತು ನ್ಯಾಯಾಲಯ. ಅದೇ ದಿನ ಹೊರಬಂದ ಜೊತೆ ತೀರ್ಪಿನಲ್ಲಿ, ಕೌಶಲವೇ ಮೇಲುಗೈಯಾದ ಸ್ಪರ್ಧೆಗಳು ಬಹುಮಾನ ಸ್ಪರ್ಧೆಗಳ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಹೇಳಿತು. ಲಕ್ಷ್ಮಣನ್ ತೀರ್ಪು ನಿಂತಿರುವುದು ಈ ತಳಹದಿಯ ಮೇಲೆ.

ಅಂಕಣದ ಹಳೆಯ ಜಗಳ ಇಲ್ಲಿಗೆ ಬಂದು ಸೇರುತ್ತದೆ. ರೇಸ್ ಕೋರ್ಸಿನಲ್ಲಿ ಟಿಪ್ಸ್ ಪಂಥವೊಂದಿದೆ. ಲಾಯದಿಂದ ಬಂದ ಸುದ್ದಿ, ಜಾಕಿಯ ಭಾವಮೈದ ಹೇಳಿದ್ದು, ಮೊಬೈಲಿಗೆ ಬೆಳಿಗ್ಗೆಯೇ ಬಂದು ಬೀಳುವ 'ಪಕ್ಕಾ' ಹೆಸರು, ಇಷ್ಟೇ ಅವರ ಬಂಡವಾಳ. ಈ ಪಂಥದವರು ಕುದುರೆಯ ಮುಖ ನೋಡುವುದಿಲ್ಲ. ಕೌಂಟರಿನಿಂದ ಟಿವಿಗೆ, ಟಿವಿಯಿಂದ ಕೌಂಟರಿಗೆ ಓಡಾಡುತ್ತಾರೆ. ಟಿಪ್ಸ್ ಮಾರುವವನು ಹತ್ತು ಮಂದಿಗೆ ಹತ್ತು ಕುದುರೆ ಹೇಳಿದರೆ ಒಬ್ಬನಿಗಾದರೂ ಗೆಲುವು ಬಂದೇ ಬರುತ್ತದೆ. ಮುಂದಿನ ವಾರ ಆ ಒಬ್ಬನೇ ಅವನ ಜಾಹೀರಾತು. ಟಿಪ್ಸ್ ನಂಬಿ ಬಾಜಿ ಕಟ್ಟುವವನು 'ಸ್ಪೋರ್ಟಿಂಗ್ ಸ್ಟಾರ್' ಪದಬಂಧವನ್ನೇ ತುಂಬುತ್ತಿದ್ದಾನೆ. ಕಾನೂನು ಕುದುರೆಗೆ ಜಾಗ ಬಿಟ್ಟಿರುವುದು ನೋಡುವ ಕಣ್ಣಿಗೆ ಬೆಲೆ ಕೊಟ್ಟು. ಆ ಕಣ್ಣನ್ನೇ ಬಳಸದವನಿಗೆ ರೇಸಿಗೂ ಮಟ್ಕಾಗೂ ವ್ಯತ್ಯಾಸ ಉಳಿಯುವುದಿಲ್ಲ.

ಹಾಗಾಗಿ ಹೊಸಬರು ಮೊದಲ ಒಂದೆರಡು ರೇಸ್ ದಿನ ಜೇಬಿಗೆ ಕೈ ಹಾಕದಿರುವುದು ಒಳ್ಳೆಯದು. ಬೆಂಗಳೂರಿನಲ್ಲಿ ಬೇಸಿಗೆ ಸೀಸನ್ ಸಾಮಾನ್ಯವಾಗಿ ಮೇ ಮಧ್ಯದಲ್ಲಿ ಶುರುವಾಗುತ್ತದೆ, ಚಳಿಗಾಲದ್ದು ನವೆಂಬರ್ ಹೊತ್ತಿಗೆ. ನಡುವೆ ಚಾಮುಂಡಿ ಬೆಟ್ಟದ ಬುಡದಲ್ಲಿ ಮೈಸೂರಿನ ಸೀಸನ್ನು. ಡರ್ಬಿ ದಿನ ಬೇಡ. ಆ ಜನಜಂಗುಳಿಯಲ್ಲಿ ಟೋಪಿಗಳು ಕಂಡಷ್ಟು ಕುದುರೆಗಳು ಕಾಣುವುದಿಲ್ಲ. ಸೀಸನ್ನಿನ ನಡುವಿನ ಯಾವುದಾದರೂ ಸಾಧಾರಣ ದಿನ ಹೋಗಿ, ಗೇಟಿನ ಬಳಿ ರೇಸ್ ಬುಕ್ ಕೊಂಡು, ನೇರ ಪ್ಯಾಡಕ್ಕಿನ ಕಟಕಟೆಗೆ ಒರಗಿ ನಿಲ್ಲಬೇಕು.

ಪ್ರತಿ ರೇಸಿಗೂ ಮುಂಚೆ ಕುದುರೆಗಳ ಆರೈಕೆ ಮಾಡುವ ಸೈಸ್‌ಗಳು ಅವುಗಳನ್ನು ಅಲ್ಲಿ ಸುತ್ತು ಹಾಕಿಸುತ್ತಾರೆ. ಮೊದಲು ತಲೆಯನ್ನಲ್ಲ, ಕಾಲನ್ನು ನೋಡಿ. ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಮುಂದೆ ಬೀಳುತ್ತಿದ್ದರೆ ಬೆನ್ನು, ಸೊಂಟ ಸಡಿಲವಾಗಿವೆ, ನಡಿಗೆ ಹಾಯಾಗಿದೆ ಎಂದರ್ಥ. ಗುರುತಿಗಿಂತ ಹಿಂದೆಯೇ ಬೀಳುತ್ತಿದ್ದರೆ ಎಲ್ಲೋ ಬಿಗಿತವಿದೆ. ಮೈಯ ಹೊಳಪು ಎಣ್ಣೆ ಸವರಿದಂತಿರಬೇಕು. ಓಟಕ್ಕೆ ಹದವಾದ ಕುದುರೆಯಲ್ಲಿ ಪಕ್ಕೆಯ ಕೊನೆಯ ಎಲುಬುಗಳು ನಸುವಾಗಿ ಕಾಣುತ್ತವೆ. ಕಾಣದಿದ್ದರೆ ಹೊಟ್ಟೆಯಲ್ಲಿ ಇನ್ನೂ ಕೊಬ್ಬು ಉಳಿದಿದೆ. ಬಿಸಿಲಿಗೆ ಕುತ್ತಿಗೆ ಬೆವರುವುದು ಸಹಜ. ಹಿಂದೊಡೆಗಳ ನಡುವೆ ಬಿಳಿ ನೊರೆ ಕಟ್ಟಿದ್ದು ಕಂಡರೆ ಆ ಕುದುರೆ ಸ್ಟಾರ್ಟಿಂಗ್ ಗೇಟಿಗೆ ಹೋಗುವ ಮೊದಲೇ ಅರ್ಧ ರೇಸು ಓಡಿ ಮುಗಿಸಿದೆ. ಕಿವಿ ಮುಂದಕ್ಕೆ ನಿಮಿರಿ, ಬಾಲ ಸುಮ್ಮನಿರುವ ಕುದುರೆಯ ಮನಸ್ಸು ಸ್ವಸ್ಥವಾಗಿದೆ. ಇವೊಂದೂ ಟಿಪ್ಸ್ ಪಟ್ಟಿಯಲ್ಲಿ ಬರುವುದಿಲ್ಲ, ಯಾಕೆಂದರೆ ಪಟ್ಟಿ ತಯಾರಾಗುವ ಹೊತ್ತಿಗೆ ಕುದುರೆ ಇನ್ನೂ ಲಾಯದಲ್ಲಿರುತ್ತದೆ.

ಈ ನೋಡುವ ವಿದ್ಯೆ ಇಂಗ್ಲಿಷರು ಹಡಗಿನಲ್ಲಿ ತಂದದ್ದು ಎಂದು ತಿಳಿದವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು ತೆರೆಯಬೇಕು. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥ ಐದು ವಿಂಶತಿಗಳದ್ದು, ಒಟ್ಟು ನೂರು ಅಧ್ಯಾಯ. ಅಡುಗೆಯಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ವಿನೋದಗಳ ಭಾಗದಲ್ಲಿ ವಾಜಿವಾಹ್ಯಾಳಿ ವಿನೋದ ಎಂಬ ಪ್ರಕರಣವಿದೆ; ಕುದುರೆಯೇರಿ ಚೆಂಡಾಡುವ ಆಟದ ವರ್ಣನೆ. ಆಟಕ್ಕೆ ಬರುವ ಮೊದಲು ಸೋಮೇಶ್ವರ ಕುದುರೆಗೆ ಬರುತ್ತಾನೆ. ಯಾವ ದೇಶದ್ದು, ಯಾವ ಬಣ್ಣ, ಮೈಮೇಲಿನ ಸುಳಿಗಳು ಎಲ್ಲೆಲ್ಲಿವೆ ಎಂದು ವಿಂಗಡಿಸುತ್ತಾ ಹೋಗುತ್ತಾನೆ. ಸುಳಿಯ ಶುಭಾಶುಭಗಳನ್ನು ಇವತ್ತಿನ ರೇಸಿಗೆ ಎತ್ತಿಕೊಳ್ಳಬೇಕಿಲ್ಲ. ಆಟಕ್ಕೆ ಮುಂಚೆ ಪ್ರಾಣಿಯನ್ನು ನೋಡು ಎಂಬ ಆ ಕ್ರಮವಿದೆಯಲ್ಲ, ಅದು ಬಸವಕಲ್ಯಾಣದ ಮಣ್ಣಿನಲ್ಲಿ ಒಂಬೈನೂರು ವರ್ಷದ ಹಿಂದೆಯೇ ಇತ್ತು.

ಕಣ್ಣಿನ ಜೊತೆ ಕಾಗದ. ನಮ್ಮಲ್ಲಿ ಹೆಚ್ಚಿನ ರೇಸುಗಳು ಹ್ಯಾಂಡಿಕ್ಯಾಪ್ ರೇಸುಗಳು. ಪ್ರತಿ ಕುದುರೆಗೂ ಒಂದು ರೇಟಿಂಗ್. ಒಂದು ಅಂಕಕ್ಕೆ ಅರ್ಧ ಕೆಜಿ. 40ರಿಂದ 65ರ ವರ್ಗದ ರೇಸಿನಲ್ಲಿ 65 ರೇಟಿಂಗಿನ ಕುದುರೆ 60 ಕೆಜಿ ಹೊತ್ತರೆ, 45ರದ್ದು 50 ಕೆಜಿ ಹೊರುತ್ತದೆ. ಗೆದ್ದರೆ ರೇಟಿಂಗ್ ಏರುತ್ತದೆ, ತೂಕವೂ ಏರುತ್ತದೆ. ಹಿಂದಿನ ಸಲ ಅರ್ಧ ಲೆಂತಿನಲ್ಲಿ, ಅಂದರೆ ಅರ್ಧ ಕುದುರೆಯುದ್ದದಲ್ಲಿ, ಸೋತ ಕುದುರೆ ಈ ಸಲ ತನ್ನನ್ನು ಸೋಲಿಸಿದವನಿಗಿಂತ ನಾಲ್ಕು ಕೆಜಿ ಹಗುರವಾಗಿ ಬರುತ್ತಿದೆಯೇ? ಸಾಲು ಬರೆದುಕೊಳ್ಳಿ. 1200 ಮೀಟರ್ ಓಡುತ್ತಿದ್ದದ್ದು ಮೊದಲ ಸಲ 1600ಕ್ಕೆ ಏರಿದೆಯೇ, ಬ್ಲಿಂಕರ್ (ಕಣ್ಣಪಟ್ಟಿ) ಹೊಸದಾಗಿ ಕಟ್ಟಿದ್ದಾರೆಯೇ, ಮೇಲೆ ಕೂತವನು ತೂಕದ ರಿಯಾಯಿತಿ ಇರುವ ಅಪ್ರೆಂಟಿಸ್ ಜಾಕಿಯೇ, ಎಲ್ಲವೂ ರೇಸ್ ಬುಕ್ಕಿನಲ್ಲೇ ಇರುತ್ತದೆ. ಕಾಗದ ಹೇಳಿದ್ದನ್ನು ಪ್ಯಾಡಕ್ ಒಪ್ಪಿದರೆ ಮಾತ್ರ ಕೌಂಟರಿಗೆ ಹೋಗುವುದು. ಒಂದು ದಿನದಲ್ಲಿ ಹಾಗೆ ಒಪ್ಪುವ ರೇಸು ಒಂದೋ ಎರಡೋ ಸಿಗುತ್ತವೆ, ಉಳಿದವನ್ನು ಬಿಡಬೇಕು.

ದುಡ್ಡು ಕಟ್ಟಲು ಎರಡು ದಾರಿ: ಟೋಟ್ ಮತ್ತು ಬುಕ್ಕಿ. ಟೋಟ್‌ನಲ್ಲಿ ಎಲ್ಲರ ದುಡ್ಡೂ ಒಂದು ರಾಶಿಗೆ ಬೀಳುತ್ತದೆ. ಕ್ಲಬ್ಬಿನ ಪಾಲು, ತೆರಿಗೆ ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಮಾರನೆಯ ದಿನದ ಪತ್ರಿಕೆಯಲ್ಲಿ ವಿನ್ 28 ರೂಪಾಯಿ ಎಂದಿದ್ದರೆ ಹತ್ತು ರೂಪಾಯಿಯ ಟಿಕೆಟ್ಟಿಗೆ 28 ಬಂತು ಎಂದರ್ಥ. ಬುಕ್ಕಿಯ ಹತ್ತಿರ ದರ ಟಿಕೆಟ್ ಬರೆಸಿದ ಕ್ಷಣಕ್ಕೇ ಗಟ್ಟಿ. ಅವನ ಬೋರ್ಡನ್ನು ಓದಲು ಒಂದು ಲೆಕ್ಕ ಕಲಿಯಬೇಕು. ಐದು ಕುದುರೆಗಳಿಗೆ ಒಂದಕ್ಕೆ ಒಂದೂವರೆ, ಎರಡು, ನಾಲ್ಕು, ಆರು, ಹತ್ತು ಎಂದು ಬರೆದಿದೆ ಎನ್ನಿ. ದರಕ್ಕೆ ಒಂದು ಕೂಡಿಸಿ, ನೂರನ್ನು ಅದರಿಂದ ಭಾಗಿಸಿದರೆ ಶೇಕಡಾದಲ್ಲಿ 40, 33.3, 20, 14.3, 9.1. ಕೂಡಿಸಿದರೆ 116.7. ನೂರರ ಮೇಲಿನ ಆ 16.7 ಬುಕ್ಕಿಯದು. ಬೋರ್ಡಿನ ಮುಂದೆ ನಿಂತವನು ಈ ಮೊತ್ತವನ್ನು ಮನಸ್ಸಿನಲ್ಲಿ ಕೂಡಿಸುವುದನ್ನು ರೂಢಿಸಿಕೊಳ್ಳಬೇಕು. 125 ದಾಟಿದರೆ ಆ ರೇಸಿನಿಂದ ದೂರವಿರುವುದು ಕ್ಷೇಮ.

ಜಾಕ್‌ಪಾಟ್, ಟ್ರೆಬಲ್, ಎಕ್ಸಾಕ್ಟಾ ಎಂದು ಸಾಲು ಸಾಲು ಆಕರ್ಷಣೆಗಳಿವೆ. ಹೊಸಬರಿಗೆ ಇವು ಬೇಡ. ಗೆಲ್ಲುವ ಕುದುರೆಗೆ ಕಟ್ಟುವ ವಿನ್, ಮೊದಲ ಕೆಲವು ಸ್ಥಾನಗಳೊಳಗೆ ಬಂದರೂ ಸಲ್ಲುವ ಪ್ಲೇಸ್, ಇವೆರಡು ಸಾಕು. ಐದು ರೇಸಿನ ವಿಜೇತರನ್ನು ಒಟ್ಟಿಗೇ ಹೇಳುವ ಜಾಕ್‌ಪಾಟ್ ಟಿಕೆಟ್ ಕೊಳ್ಳುವವನು ಕೊನೆಯ ಕುದುರೆಗಳನ್ನು ಪ್ಯಾಡಕ್ಕಿನಲ್ಲಿ ನೋಡುವ ಮೊದಲೇ ಆರಿಸಿಬಿಟ್ಟಿರುತ್ತಾನೆ.

ತೆರಿಗೆಯ ಮಾತು ಕಹಿ, ಹೇಳದೆ ವಿಧಿಯಿಲ್ಲ. 2017ರಲ್ಲಿ ರೇಸಿನ ಮೇಲೆ ಶೇ. 28 ಜಿಎಸ್‌ಟಿ ಬಂತು. ಟೋಟ್ ನಡೆಸುವ ಕ್ಲಬ್ಬಿಗೆ ಸಿಗುವುದು ಕಮಿಷನ್ ಮಾತ್ರ, ತೆರಿಗೆ ಅದರ ಮೇಲಿರಬೇಕೇ ಹೊರತು ಇಡೀ ಬಾಜಿಯ ಮೇಲಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ತಿದ್ದುಪಡಿ ಮತ್ತೆ ಪೂರ್ತಿ ಮೊತ್ತಕ್ಕೇ ತೆರಿಗೆ ತಂದಿತು. 2025ರ ಸೆಪ್ಟೆಂಬರ್ 22ರಿಂದ ದರ ಶೇ. 40. ಈ ಭಾರ ಪೂರಾ ಟಿಕೆಟ್ ಕೊಳ್ಳುವವನ ಮೇಲೆ ಬಿದ್ದರೆ 100 ರೂಪಾಯಿಯ ಬಾಜಿಗೆ ಜೇಬಿನಿಂದ 140 ಹೋಗುತ್ತದೆ. ಒಂದಕ್ಕೆ ಎರಡರ ಕುದುರೆ ಗೆದ್ದರೆ ಕೈಗೆ 300, ಲಾಭ 160. ಮೂರಕ್ಕೆ ಒಂದರ ಫೇವರಿಟ್ ಗೆದ್ದರೆ ಕೈಗೆ ಬರುವುದು 133, ಅಂದರೆ ಗೆದ್ದೂ ನಷ್ಟ! ಇದಲ್ಲದೆ ಹತ್ತು ಸಾವಿರ ದಾಟಿದ ಗೆಲುವಿಗೆ ಶೇ. 30 ಟಿಡಿಎಸ್ ಹಿಡಿಯುತ್ತಾರೆ, ಪ್ಯಾನ್ ಕಾರ್ಡ್ ಕೇಳುತ್ತಾರೆ. ಸೋತದ್ದನ್ನು ಗೆದ್ದದ್ದರಿಂದ ಕಳೆದು ತೋರಿಸುವ ಅವಕಾಶವಿಲ್ಲ. ಹೈಕೋರ್ಟಿನ 2021ರ ತರ್ಕವೇ ಸರಿ ಎಂಬುದು ಈ ಅಂಕಣದ ನಿಲುವು. ತೆರಿಗೆ ಹೇರಿದಷ್ಟೂ ಆಟ ಮೈದಾನದ ಹೊರಗಿನ ಕಳ್ಳ ಬುಕ್ಕಿಯ ಫೋನಿಗೆ ಹೋಗುತ್ತದೆ. ಅಲ್ಲಿ ತೆರಿಗೆಯೂ ಇಲ್ಲ, ಗೆದ್ದವನ ದುಡ್ಡಿಗೆ ಖಾತ್ರಿಯೂ ಇಲ್ಲ.

ಹೊಸಬರು ಆ ಫೋನಿನ ಕಡೆ ತಿರುಗಿಯೂ ನೋಡಬಾರದು. ಮೈದಾನದ ಒಳಗೂ ಟಿಕೆಟ್ ಇಲ್ಲದೆ ಬಾಯಿಮಾತಿನ ಬಾಜಿ ಬೇಡ. 2024ರ ಜನವರಿಯಲ್ಲಿ ಸಿಸಿಬಿ ಪೊಲೀಸರು ಟರ್ಫ್ ಕ್ಲಬ್ಬಿನ ಬುಕ್ಕಿಗಳ ಮೇಲೆ ದಾಳಿ ಮಾಡಿದಾಗ ಕೇಳಿಬಂದ ಆರೋಪವೇ ಜಿಎಸ್‌ಟಿ ತಪ್ಪಿಸಿದ್ದು. ಅದರ ಬಿಸಿ ಜೂನ್‌ನಲ್ಲಿ ಸರಕಾರ ರೇಸಿಗೆ ಅನುಮತಿ ನಿರಾಕರಿಸುವವರೆಗೂ, ವಿಷಯ ಹೈಕೋರ್ಟ್ ಮೆಟ್ಟಿಲೇರುವವರೆಗೂ ಹೋಯಿತು. ರೇಸು ನಿಂತರೆ ಸೈಸ್‌ಗಳು, ಲಾಳ ಕಟ್ಟುವವರು, ಹುಲ್ಲು ತರುವವರು ಎಲ್ಲರ ಹೊಟ್ಟೆಗೂ ಪೆಟ್ಟು.

ಕೊನೆಗೆ ಹಣದ ಮಿತಿ. ಕುದುರೆ ಬಾಲಕ್ಕೆ ಮನೆ ಕಟ್ಟಿದವರ ಕಥೆ ಬೆಂಗಳೂರಿನ ಪ್ರತಿ ಬೀದಿಯಲ್ಲೂ ಇದೆ, ಅವು ಸುಳ್ಳಲ್ಲ. ಬುಕ್ಕಿಯ 16.7, ಸರಕಾರದ 40, ಇವೆರಡನ್ನೂ ದಾಟಿ ವರ್ಷಪೂರ್ತಿ ಲಾಭದಲ್ಲಿರುವುದು ಹಳೆ ಹುಲಿಗಳಿಗೂ ಆಗುವ ಕೆಲಸವಲ್ಲ. ಇದನ್ನು ಸಂಪಾದನೆ ಎಂದು ನೋಡುವವರು ಬರಲೇಬಾರದು. ಸಿನಿಮಾಕ್ಕೋ ಊಟಕ್ಕೋ ಖರ್ಚು ಮಾಡುವಷ್ಟನ್ನು ಬೇರೆ ಜೇಬಿನಲ್ಲಿಟ್ಟುಕೊಂಡು ಹೋಗುವುದು, ಅದು ಮುಗಿದರೆ ಉಳಿದ ರೇಸುಗಳನ್ನು ಪ್ಯಾಡಕ್ಕಿನ ಕಟಕಟೆಯಿಂದ ನೋಡುವುದು. ಸಾಲ ಮಾಡಿ, ಸೋತದ್ದನ್ನು ಹಿಡಿಯಲು ಕೊನೆಯ ರೇಸಿಗೆ ಇಮ್ಮಡಿ ಕಟ್ಟುವ ಚಟ ತಮ್ಮಲ್ಲಿ ಕಂಡರೆ ಆ ದಿನವೇ ಬಿಟ್ಟು ಮನೆಗೆ ಹೋಗಬೇಕು.

ಇನ್ನೊಂದು ಸಣ್ಣ ಸಂಗತಿ ಬಾಕಿಯಿದೆ. ಕುದುರೆ ಗೆರೆ ದಾಟಿದೊಡನೆ ಫಲಿತಾಂಶ ಗಟ್ಟಿಯಾಗುವುದಿಲ್ಲ. ಜಾಕಿಗಳು ಜೀನಿನ ಸಮೇತ ತಕ್ಕಡಿಗೆ ಹೋಗಿ ತೂಕ ಸರಿಯಿದೆಯೆಂದು ತೋರಿಸಬೇಕು. ಅಡ್ಡ ಬಂದ ಎಂದು ಯಾರಾದರೂ ತಕರಾರು ಎತ್ತಿದರೆ ಸ್ಟೀವರ್ಡ್‌ಗಳು ವಿಡಿಯೊ ನೋಡಿ ಸ್ಥಾನ ಬದಲಿಸುವುದೂ ಉಂಟು. ಸೋತೆವೆಂದು ಟಿಕೆಟ್ ಹರಿದು ಬಿಸಾಡಿದ ಮೇಲೆ ತಮ್ಮ ಕುದುರೆ ಒಂದನೆಯ ಸ್ಥಾನಕ್ಕೆ ಬಂದದ್ದನ್ನು ಕೇಳಿ, ನೆಲದಲ್ಲಿ ಕಾಗದದ ಚೂರು ಹುಡುಕಿದವರಿದ್ದಾರೆ. ಮೈಕಿನಲ್ಲಿ ಅಂತಿಮ ಘೋಷಣೆ ಬರುವವರೆಗೂ ಟಿಕೆಟ್ ಜೇಬಿನಲ್ಲೇ ಇರಲಿ.