ನೀರಿನ ಜಾಡು ತಪ್ಪಿದ ಮರುಭೂಮಿ ಪ್ರವಾಸ

ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಊರುಗಳ ಟ್ರಾವೆಲ್ ಏಜೆನ್ಸಿಗಳ ಮುಂದೆ ಒಂದು ಫಲಕ ಕಾಣಿಸುತ್ತದೆ: ದುಬೈ, ನಾಲ್ಕು ರಾತ್ರಿ ಐದು ಹಗಲು. ಒಳಗೆ ಕೊಡುವ ದಿನಪಟ್ಟಿಯೂ ಬಹುಮಟ್ಟಿಗೆ ಒಂದೇ. ಮೊದಲ ಸಂಜೆ ಧೋ ಎಂಬ ಮರದ ಹಡಗಿನಲ್ಲಿ ಕ್ರೂಸ್, ಎರಡನೆಯ ದಿನ ಸಿಟಿ ಟೂರ್ ಮತ್ತು ಬುರ್ಜ್ ಖಲೀಫಾ, ಮೂರನೆಯ ದಿನ ಡೆಸರ್ಟ್ ಸಫಾರಿ, ನಾಲ್ಕನೆಯ ದಿನ ಅಬುಧಾಬಿ, ಕೊನೆಯ ದಿನ ಶಾಪಿಂಗ್ ಮುಗಿಸಿ ವಿಮಾನ. ಶಾಲೆಗೆ ಹೋಗುವ ಹುಡುಗಿಗೂ ಮಂಡಿನೋವಿನ ಅಜ್ಜನಿಗೂ ಇದೇ ಪಟ್ಟಿ. ಜನವರಿಗೂ ಮೇ ತಿಂಗಳಿಗೂ ಇದೇ ಪಟ್ಟಿ. ಒಂದು ಸಿನಿಮಾ ನೋಡಿ ಬಂದು ಗಂಟೆಗಟ್ಟಲೆ ಅದರ ಗುಣದೋಷ ಮಾತಾಡುವ ನಾವು, ವರ್ಷದ ಉಳಿತಾಯವನ್ನು ಸುರಿದು ಕೈಗೊಳ್ಳುವ ಈ ಪ್ರವಾಸವನ್ನು ವಿಮರ್ಶೆಗೆ ಒಡ್ಡುವುದೇ ಇಲ್ಲ. ಒಡ್ಡಲೇಬೇಕು. ಅರಬ್ಬರ ನಾಡಿನ ಬಗ್ಗೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಕೂರುವ ಮೊದಲ ಚಿತ್ರವನ್ನು ಬರೆಯುವುದು ಈ ಪಟ್ಟಿಯೇ.

ಮೊದಲು ಅದರ ಗುಣಗಳನ್ನು ಒಪ್ಪಿಕೊಳ್ಳೋಣ. ಮೊದಲ ಬಾರಿ ವಿದೇಶಕ್ಕೆ ಹೊರಟ ಕುಟುಂಬಕ್ಕೆ ದುಬೈಯಷ್ಟು ಸಲೀಸಾದ ಊರು ಇನ್ನೊಂದು ಸಿಗುವುದು ಕಷ್ಟ. ಹಾರಾಟ ನಾಲ್ಕು ಗಂಟೆಯ ಆಸುಪಾಸು. ಚಾಲಕರಿಲ್ಲದೆ ಓಡುವ ಮೆಟ್ರೊ 2009ರಿಂದ ಇದೆ. ಬರ್ ದುಬೈ, ಕರಾಮಾಗಳಲ್ಲಿ ಇಡ್ಲಿ ದೋಸೆಗೆ ಬರವಿಲ್ಲ. ರಾತ್ರಿ ಹತ್ತಕ್ಕೆ ಮಕ್ಕಳ ಕೈ ಹಿಡಿದು ನಡೆಯಲು ಭಯವಿಲ್ಲ. ಗಾಲಿಕುರ್ಚಿಯಲ್ಲಿ ಕೂತವರೂ 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ವೀಕ್ಷಣಾ ಅಂತಸ್ತಿಗೆ ಹೋಗಿಬರಬಹುದು. ಹಿರಿಯರನ್ನು ಮನೆಯಲ್ಲೇ ಬಿಟ್ಟು ಹೋಗಬೇಕಾದ ಪ್ರವಾಸಗಳಿಗಿಂತ ಇದು ಎಷ್ಟೋ ಮೇಲು.

ಪಟ್ಟಿಯ ಮೊದಲ ಸೋಲು ಕಾಲದ ಲೆಕ್ಕದಲ್ಲಿದೆ. ಅರೇಬಿಯದ ವಸಂತ ಫೆಬ್ರವರಿಯಿಂದ ಮಾರ್ಚ್ ಕೊನೆಯವರೆಗೆ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್ ಎರಡನೆಯ ವಾರದಲ್ಲಿ. ಆಗ ದುಬೈಯ ಮಧ್ಯಾಹ್ನ 33 ಡಿಗ್ರಿ ಆಸುಪಾಸು ಇರುತ್ತದೆ. ಮೇ ತಿಂಗಳಲ್ಲಿ 38ರ ಹತ್ತಿರ. ಹಾಗಾಗಿ ಹೊರಡುವುದಾದರೆ ರಜೆಯ ಮೊದಲ ಹತ್ತು ದಿನಗಳಲ್ಲೇ ಹೊರಡಬೇಕು. ದಿನವನ್ನು ಅಲ್ಲಿನವರ ಹಾಗೆ ಎರಡು ತುಂಡು ಮಾಡಿಕೊಳ್ಳಬೇಕು: ಬೆಳಗ್ಗೆ ಹತ್ತೂವರೆಯೊಳಗೆ ಒಂದು ಕೆಲಸ, ಸಂಜೆ ನಾಲ್ಕೂವರೆಯ ನಂತರ ಇನ್ನೊಂದು, ನಡುವೆ ಊಟ ಮತ್ತು ನಿದ್ದೆ. ಪ್ಯಾಕೇಜಿನ ಸಿಟಿ ಟೂರ್ ಇದಕ್ಕೆ ತದ್ವಿರುದ್ಧ. ತಿಂಡಿ ಮುಗಿಸಿ ಒಂಬತ್ತಕ್ಕೆ ಬಸ್ಸು ಹತ್ತಿಸಿ, ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಕಡಲತಡಿಯಲ್ಲಿ ಫೋಟೊಗೆ ಇಳಿಸುತ್ತದೆ. ಸುಸ್ತಾದ ಮಕ್ಕಳಿಗೆ ಆಮೇಲೆ ಮಾಲ್‌ನ ತಂಪೊಂದೇ ಆಸರೆ. ಊರಿನಲ್ಲಿ ನೋಡಲು ಮಾಲ್ ಬಿಟ್ಟರೆ ಏನೂ ಇಲ್ಲ ಎಂಬ ಅಭಿಪ್ರಾಯ ಹುಟ್ಟುವುದು ಹೀಗೆ.

ಎರಡನೆಯ ಸೋಲು ಇನ್ನೂ ಆಳದ್ದು. ಈ ಪಟ್ಟಿಯಲ್ಲಿ ನಗರ, ಕಡಲು, ಮರುಭೂಮಿ ಮೂರು ಬೇರೆ ಬೇರೆ ಪ್ರದರ್ಶನಗಳು. ಮೂರಕ್ಕೂ ಬೇರೆ ಬೇರೆ ಟಿಕೆಟ್ಟು. ನಿಜದಲ್ಲಿ ಅವು ಒಂದೇ ಬದುಕಿನ ಮೂರು ಭಾಗಗಳಾಗಿದ್ದವು. ಬಂದರಿನ ಸರಕು ಒಂಟೆಯ ಮೇಲೆ ಒಳನಾಡಿಗೆ ಹೋಗುತ್ತಿತ್ತು. ಒಳನಾಡಿನ ಖರ್ಜೂರ ಬಂದರಿಗೆ ಬರುತ್ತಿತ್ತು. ದಾರಿ ಎಲ್ಲಿ, ಊರು ಎಲ್ಲಿ ಎಂಬುದನ್ನು ನಿರ್ಧರಿಸುತ್ತಿದ್ದುದು ನೀರು. ಆ ನೀರನ್ನೇ ಪ್ಯಾಕೇಜು ಕೈಬಿಟ್ಟಿದೆ.

ದುಬೈಯಲ್ಲಿ ಆ ನೀರು ಎಂದರೆ ಖೋರ್ ದುಬೈ, ಊರಿನ ಒಳಗೆ ಚಾಚಿದ ಕಡಲ ಕಾಲುವೆ. ಅದರ ದಡದ ಅಲ್ ಫಹೀದಿ ಕೇರಿಯಲ್ಲಿ ಗಾಳಿಗೋಪುರದ ಮನೆಗಳಿವೆ. ಪರ್ಷಿಯದ ಬಸ್ತಕ್ ಕಡೆಯಿಂದ ಬಂದ ಬಟ್ಟೆ ಮತ್ತು ಮುತ್ತಿನ ವ್ಯಾಪಾರಿಗಳು ಕಟ್ಟಿಕೊಂಡವು ಅವು. ಬೀಸುವ ಗಾಳಿಯನ್ನು ಮೇಲೆ ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಆ ಗೋಪುರದ ಕೆಳಗೆ ಮಗುವನ್ನು ನಿಲ್ಲಿಸಿದರೆ, ವಿದ್ಯುತ್ ಬರುವ ಮೊದಲು ಇಲ್ಲಿ ಜನ ಹೇಗೆ ಬದುಕಿದರು ಎಂಬ ಪ್ರಶ್ನೆಗೆ ಉತ್ತರ ಮೈಗೇ ತಾಕುತ್ತದೆ. ಅಲ್ಲಿಂದ ಅಬ್ರಾ ದೋಣಿಯಲ್ಲಿ ಒಂದು ದಿರ್ಹಮ್ ಕೊಟ್ಟು ದೇರಾ ದಡಕ್ಕೆ ದಾಟಬಹುದು. ದೇರಾ ಕಡೆ ಸಾಲಾಗಿ ಕಟ್ಟಿದ ಮರದ ಹಡಗುಗಳಿಗೆ ಫ್ರಿಜ್ಜು, ಟೈರು, ಈರುಳ್ಳಿ ಚೀಲ ಏರುವುದು ಕಾಣುತ್ತದೆ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ತುಂಬುವ ಮಂಜಿಗಳನ್ನು ಕಂಡವರಿಗೆ ಇದು ಅಪರಿಚಿತ ದೃಶ್ಯವಲ್ಲ. ದೀಪಾಲಂಕಾರದ ಧೋ ಕ್ರೂಸಿನಲ್ಲಿ ಹಾಡು ಕೇಳುತ್ತಾ ಬಫೆ ಉಣ್ಣುವುದಕ್ಕಿಂತ ಈ ಅರ್ಧ ಗಂಟೆ ಹೆಚ್ಚು ಬೆಲೆಯದು.

ದೊಡ್ಡ ಮಕ್ಕಳಿಗೆ ಇಲ್ಲೇ ಹೇಳಬೇಕಾದ ಚರಿತ್ರೆಯೂ ಇದೆ. ಈ ಕರಾವಳಿ ಮುತ್ತಿನಿಂದ ಬದುಕುತ್ತಿತ್ತು. ಆ ಮುತ್ತಿನ ದೊಡ್ಡ ಮಾರುಕಟ್ಟೆ ಮುಂಬಯಿ. ಜಪಾನಿನ ಕೃಷಿ ಮುತ್ತು ಬಂದ ಮೇಲೆ, 1930ರ ದಶಕದಲ್ಲಿ, ಕಸುಬು ಕುಸಿಯಿತು. ಇಲ್ಲಿ ಚಲಾವಣೆಯಲ್ಲಿದ್ದ ಹಣವೂ ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚುಹಾಕಿತು. 1966ರ ರೂಪಾಯಿ ಅಪಮೌಲ್ಯದ ನಂತರ ಕೊಲ್ಲಿಯ ರಾಜ್ಯಗಳು ಅದನ್ನು ಬಿಟ್ಟವು. ದುಬೈಯಲ್ಲಿ ತೈಲ ಸಿಕ್ಕಿದ್ದೂ ಅದೇ 1966ರಲ್ಲಿ. ಇಷ್ಟು ತಿಳಿದ ಹುಡುಗನಿಗೆ ಗಗನಚುಂಬಿಗಳು ಶೂನ್ಯದಿಂದ ಎದ್ದ ಮಾಯೆಯಂತೆ ಕಾಣುವುದಿಲ್ಲ.

ಇನ್ನು ಡೆಸರ್ಟ್ ಸಫಾರಿ. ಪಟ್ಟಿಯಲ್ಲಿ ಎಲ್ಲರೂ ಹೊಗಳುವ ಸಂಜೆ ಇದು, ನನ್ನ ದೃಷ್ಟಿಯಲ್ಲಿ ಅತ್ಯಂತ ದುರ್ಬಲ ಭಾಗವೂ ಇದೇ. ಲ್ಯಾಂಡ್ ಕ್ರೂಸರುಗಳು ಸಾಲುಸಾಲಾಗಿ ದಿಬ್ಬ ಹತ್ತಿ ಇಳಿಯುತ್ತವೆ. ಊಟದ ಹಿಂದೆಯೇ ಏರುವ ಈ ಕುಲುಕಾಟ ಸಣ್ಣ ಮಕ್ಕಳಿಗೂ ಬೆನ್ನುನೋವಿನ ಹಿರಿಯರಿಗೂ ಗರ್ಭಿಣಿಯರಿಗೂ ಹೇಳಿಸಿದ್ದಲ್ಲ. ನಂತರದ ಕ್ಯಾಂಪಿನಲ್ಲಿ ಕಾಣುವ ಬೆಲ್ಲಿ ಡ್ಯಾನ್ಸ್ ಮತ್ತು ಗಿರಗಿರನೆ ಸುತ್ತುವ ತನ್ನೂರಾ ಕುಣಿತ ಎರಡೂ ಈಜಿಪ್ಟಿನಿಂದ ಬಂದವು. ಇಲ್ಲಿನ ಮರುಭೂಮಿಯ ಅಲೆಮಾರಿಗಳಾದ ಬೆದೂಯಿನರ ಬದುಕಿಗೂ ಅವಕ್ಕೂ ನಂಟಿಲ್ಲ. ಚಕ್ರದಡಿ ನಲುಗುವ ಮರಳಿನಲ್ಲಿ ಹುಲ್ಲಿದೆ, ಪೊದೆಯಿದೆ, ಹಲ್ಲಿಗಳ ಬಿಲವಿದೆ. ಆಳಕ್ಕೆ ಬೇರಿಳಿಸಿ ನಿಂತ ಘಾಫ್ ಮರವಿದೆ. ವಿಜಯದಶಮಿಯಂದು ನಾವು ಪೂಜಿಸುವ ಶಮಿಯೇ ಅದು, ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ಮರ. ಅದರ ನೆರಳಿನಲ್ಲಿ ಹತ್ತು ನಿಮಿಷ ಕೂರಿಸುವ ಸಫಾರಿ ಎಷ್ಟಿವೆ? ಸೂರ್ಯೋದಯಕ್ಕೆ ಮರಳಿನ ಮೇಲೆ ಬರಿಗಾಲಲ್ಲಿ ನಡೆದು, ರಾತ್ರಿ ನಡೆದಾಡಿದ ಜೀರುಂಡೆ, ಹಾವು, ನರಿಗಳ ಹೆಜ್ಜೆ ಗುರುತು ಓದುವುದು ಮಕ್ಕಳಿಗೆ ಆ ಕುಲುಕಾಟಕ್ಕಿಂತ ದೊಡ್ಡ ಸಾಹಸ.

ಮರುಭೂಮಿಯನ್ನು ಅರ್ಥ ಮಾಡಿಕೊಳ್ಳಲು ನಾನು ಸೂಚಿಸುವ ಊರು ಅಲ್ ಐನ್. ದುಬೈಯಿಂದ ಸುಮಾರು 150 ಕಿಲೊಮೀಟರ್. ಅದರ ಓಯಸಿಸ್‌ಗಳೂ ಹಿಲಿ, ಹಫೀತ್ ಪುರಾತತ್ವ ನೆಲೆಗಳೂ 2011ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಖರ್ಜೂರದ ತೋಟದ ನಡುವೆ ಹರಿಯುವ ಸಣ್ಣ ಕಾಲುವೆ ಇಲ್ಲಿನ ಮುಖ್ಯ ನೋಟ. ಫಲಜ್ ಎಂಬ ಈ ವ್ಯವಸ್ಥೆಗೆ ಈ ಪ್ರದೇಶದಲ್ಲಿ ಸುಮಾರು 3,000 ವರ್ಷದ ಕುರುಹುಗಳಿವೆ. ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಇಳಿಜಾರು ಸುರಂಗದಲ್ಲಿ, ಪಂಪಿಲ್ಲದೆ, ಊರಿಗೆ ತರುತ್ತಾರೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟಗಳಲ್ಲಿ ಗುಡ್ಡ ಕೊರೆದು ನೀರು ತರುವ ಸುರಂಗಗಳು ಇದೇ ಬುದ್ಧಿಯ ಕೆಲಸ. 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಅಗೆದ ಸುರಂಗಗಳ ಕತೆ ಕೇಳಿದ ಮಗುವಿಗೆ ಫಲಜ್ ಕಂಡ ಕ್ಷಣವೇ ಅರ್ಥವಾಗುತ್ತದೆ.

ಫಲಜ್ ಹಿಡಿದು ಪೂರ್ವಕ್ಕೆ ಹೋದರೆ ಒಮಾನ್. ಒಳ್ಳೆಯ ಯೋಜನೆಗೆ ಎರಡನೆಯ ಅರ್ಧ ಅದೇ ಆಗಬೇಕು. ನಿಜ್ವಾದ ಬಳಿಯ ಫಲಜ್ ದಾರಿಸ್ ಸೇರಿ ಐದು ಕಾಲುವೆಗಳು 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ನೀರು ಮೊದಲು ಕುಡಿಯಲು, ನಂತರ ಮಸೀದಿಗೆ ಮತ್ತು ಸ್ನಾನಕ್ಕೆ, ಕೊನೆಗೆ ತೋಟಗಳಿಗೆ ಸರದಿಯ ಮೇಲೆ. ಹತ್ತಿರದ ಜಬಲ್ ಅಖ್ದರ್ ಬೆಟ್ಟ 2,000 ಮೀಟರ್ ಎತ್ತರದಲ್ಲಿ ತಂಪಾಗಿರುತ್ತದೆ. ಮಾರ್ಚ್ ಕೊನೆಯಿಂದ ಮೇ ಆರಂಭದವರೆಗೆ ಅಲ್ಲಿ ಗುಲಾಬಿ ಕೊಯ್ಲು. ಮುಂಜಾನೆ ಕಿತ್ತ ಹೂವನ್ನು ಮಣ್ಣಿನ ಒಲೆಯ ಮೇಲೆ ಬಟ್ಟಿಯಿಳಿಸಿ ಪನ್ನೀರು ಮಾಡುತ್ತಾರೆ. ನಮ್ಮ ಏಪ್ರಿಲ್ ರಜೆಗೆ ಹೊಂದುವ ನಿಜವಾದ ಅರೇಬಿಯನ್ ವಸಂತ ಇಲ್ಲಿದೆ. ಮೇಲೇರಲು ಫೋರ್ ವೀಲ್ ಡ್ರೈವ್ ಕಡ್ಡಾಯ. ಬುಡದಲ್ಲೇ ಪೊಲೀಸರು ತಪಾಸಣೆ ಮಾಡುತ್ತಾರೆ.

ಬೆಟ್ಟದಿಂದ ಕರಾವಳಿಗೆ ಇಳಿದರೆ ಸೂರ್. ಮರದ ಹಡಗು ಕಟ್ಟುವ ಕಸುಬು ಅಲ್ಲಿ ಇನ್ನೂ ಉಳಿದಿದೆ. ಅದರ ಹತ್ತಿರದ ಕಲ್ಹಾತ್ ಇಂದು ಪಾಳು ಊರು; ಬೀಬಿ ಮರಿಯಮ್ ಸಮಾಧಿಯ ಕಟ್ಟಡವೊಂದೇ ಎತ್ತರವಾಗಿ ನಿಂತಿದೆ. ಒಂದು ಕಾಲಕ್ಕೆ ಹೊರ್ಮುಜ್ ರಾಜ್ಯದ ದೊಡ್ಡ ಬಂದರಾಗಿದ್ದ ಇಲ್ಲಿಂದ ಅರಬ್ಬೀ ಕುದುರೆಗಳು ಭಾರತಕ್ಕೆ ಹಡಗೇರುತ್ತಿದ್ದವು. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಕಲ್ಹಾತನ್ನೂ ಕಂಡ, ನಮ್ಮ ಹೊನ್ನಾವರವನ್ನೂ ಕಂಡ. ಹಂಪಿಯ ಮಹಾನವಮಿ ದಿಬ್ಬದ ಗೋಡೆಯಲ್ಲಿ ಕುದುರೆ ಹಿಡಿದು ನಿಂತ ಪರದೇಶಿಗಳು ಇದೇ ಕಡಲು ದಾಟಿ ಬಂದ ವ್ಯಾಪಾರದ ಗುರುತು. ಕರ್ನಾಟಕದ ಕುಟುಂಬಕ್ಕೆ ಅರೇಬಿಯದಲ್ಲಿ ಇದಕ್ಕಿಂತ ಹತ್ತಿರದ ತಾಣವಿಲ್ಲ, ಯಾವ ಪ್ಯಾಕೇಜಿನಲ್ಲೂ ನಾನು ಇದರ ಹೆಸರು ಕಂಡಿಲ್ಲ. ಇಲ್ಲಿಂದ ಮುಂದೆ ರಾಸ್ ಅಲ್ ಜಿಂಜ್ ತೀರದಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮಾರ್ಗದರ್ಶಿಯ ಜೊತೆ ರಾತ್ರಿ ಹೋಗಿ ನೋಡಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಾದಿ ಎಂಬ ಒಣ ಹಳ್ಳಗಳು ಒಮಾನಿನ ಸೊಬಗು, ಮಳೆ ಬಂದರೆ ಅವೇ ಅಪಾಯ. 2024ರ ಏಪ್ರಿಲ್‌ನಲ್ಲಿ ಸುರಿದ ಮಳೆಗೆ ದುಬೈ ವಿಮಾನ ನಿಲ್ದಾಣವೇ ಮುಳುಗಿತು. ಒಮಾನಿನ ವಾದಿಗಳಲ್ಲಿ ಶಾಲಾ ಮಕ್ಕಳು ಕೊಚ್ಚಿಹೋದರು. ಬೆಟ್ಟದಲ್ಲಿ ಮೋಡ ಕಂಡರೂ ವಾದಿಗೆ ಇಳಿಯಬಾರದು. ಯೋಜನೆಯಲ್ಲಿ ಬದಲಿ ದಿನವೊಂದು ಇರಲೇಬೇಕು.

ಗಡಿಬಿಡಿಯಲ್ಲಿ ಮರೆಯುವ ಇನ್ನೆರಡು ಸಂಗತಿಗಳಿವೆ. ಎಮಿರೇಟ್ಸ್‌ನಲ್ಲಿ ಗಸಗಸೆ ನಿಷಿದ್ಧ. ಅಜ್ಜಿ ಕಟ್ಟಿಕೊಟ್ಟ ಮಸಾಲೆ ಡಬ್ಬಿಯನ್ನು ಬಿಚ್ಚಿ ನೋಡಿಯೇ ಹೊರಡಬೇಕು. ಕೊಡೀನ್, ಟ್ರಾಮಡಾಲ್ ಇರುವ ನೋವು ಮತ್ತು ಕೆಮ್ಮಿನ ಔಷಧಗಳಿಗೆ ಮುಂಚಿತ ಅನುಮತಿ ಬೇಕು. ಒಮಾನಿಗೆ ವೀಸಾ ನಿಯಮ ಬೇರೆ, ಗಡಿ ದಾಟುವ ಕಾರಿಗೆ ವಿಮೆಯೂ ಬೇರೆ.

ಒಟ್ಟು ತೀರ್ಪು ಹೀಗೆ: ಸಿದ್ಧ ಪ್ಯಾಕೇಜು ಅನುಕೂಲದಲ್ಲಿ ಗೆಲ್ಲುತ್ತದೆ, ಅರಿವು ಮೂಡಿಸುವುದರಲ್ಲಿ ಸೋಲುತ್ತದೆ. ಒಂಬತ್ತು ದಿನ ಹೊಂದಿಸಿಕೊಳ್ಳಲು ಸಾಧ್ಯವಿದ್ದರೆ ದುಬೈಗೆ ಇಳಿದು ಮಸ್ಕತ್‌ನಿಂದ ಮರಳುವಂತೆ ಟಿಕೆಟ್ ಮಾಡಿಸಿ. ಎರಡು ದಿನ ಖೋರ್ ದುಬೈ, ಒಂದು ದಿನ ಅಲ್ ಐನ್, ಎರಡು ದಿನ ನಿಜ್ವಾ ಮತ್ತು ಬೆಟ್ಟ, ಎರಡು ದಿನ ಸೂರ್ ಕರಾವಳಿ, ಉಳಿದದ್ದು ಮಸ್ಕತ್‌ಗೆ ಮತ್ತು ವಿಶ್ರಾಂತಿಗೆ. ಐದೇ ದಿನವಿದ್ದರೆ ಒಮಾನ್ ಬಿಡಿ, ಆದರೆ ಸಫಾರಿಯ ಜಾಗದಲ್ಲಿ ಅಲ್ ಐನ್ ಇಡಿ. ಬುರ್ಜ್ ಖಲೀಫಾವನ್ನು ಕೆಳಗಿನಿಂದ ನೋಡಿದರೂ ಸಾಕು. ಏಜೆಂಟರ ಮುಂದೆ ಕೂತಾಗ ಎಷ್ಟು ತಾಣ ಎಂದು ಕೇಳುವ ಬದಲು, ಈ ಊರಿಗೆ ನೀರು ಎಲ್ಲಿಂದ ಬರುತ್ತದೆ, ಮಧ್ಯಾಹ್ನ ನಾವು ಎಲ್ಲಿರುತ್ತೇವೆ ಎಂದು ಕೇಳಿ. ಇವೆರಡಕ್ಕೆ ಉತ್ತರವಿರುವ ದಿನಪಟ್ಟಿಗೆ ಮಾತ್ರ ಮುಂಗಡ ಕೊಡಿ.